ಮನೆಯಲ್ಲಿ ಕಂಡ ಮೂರು ಚಿತ್ರಗಳು

ಚಲಚ್ಚಿತ್ರವನ್ನು ಕತ್ತಲೆಯಲ್ಲಿ, ಗುರುತಿಲ್ಲದ ನೂರಾರು ಜನರ ನಡುವೆ ಕುಳಿತು ನೋಡಬೇಕೆಂಬುದು ಬಲ್ಲವರ ಮಾತು. ಒಪ್ಪತಕ್ಕ ಮಾತೇ. ಆದರೆ ಎಂಬತ್ತು ದಾಟಿದ ನಮ್ಮ ತಂದೆಯವರಿಗೆ ಎರಡು ಗಂಟೆ ಕಾಲು ಇಳಿಬಿಟ್ಟು ಕೂರುವುದಾಗದು. ತಾಯಿಯವರು ಚಿತ್ರಮಂದಿರದ ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷಗಳೇ ಕಳೆದುವು. ಆದುದರಿಂದ ಕಳೆದ ದಸರೆಯ ರಜೆಯಲ್ಲಿ ಅವರಿಬ್ಬರೂ ಊರಿನಿಂದ ನಮ್ಮಲ್ಲಿಗೆ ಬಂದಿದ್ದಾಗ, ಮಧ್ಯಾಹ್ನದ ಊಟದ ಅನಂತರ ಮನೆಯ ದೂರದರ್ಶನದ ಪೆಟ್ಟಿಗೆಯಲ್ಲೇ ಒಂದೊಂದು ಕನ್ನಡ ಚಿತ್ರವನ್ನು ನೋಡುವುದೆಂದು ಗೊತ್ತುಮಾಡಿದೆವು. ಯಂತ್ರದ ಅಧಿಕಾರ ಕಾಲೇಜಿನಲ್ಲಿ ಓದುವ ನನ್ನ ಮಗನದು. ಚಿತ್ರಗಳ ಆಯ್ಕೆ ನನ್ನದು. ಯಾರಿಗೆ ಏನು ತೋರಿತೋ ಅದನ್ನು ಹೇಳಬಹುದೆಂಬುದು ನಿಯಮ. ಹಾಗೆ ಹೇಳಿದ ಮಾತುಗಳೇ ಈ ಲೇಖನಕ್ಕೆ ಸಾಮಗ್ರಿ. ಇದನ್ನು ವಿಮರ್ಶೆಯೆಂದು ವಾಚಕರು ಭಾವಿಸಬಾರದು.

ಮೊದಲ ದಿನ ನೋಡಿದ್ದು ‘ತಿಥಿ’. ರಾಮ್ ರೆಡ್ಡಿಯವರು ನಿರ್ದೇಶಿಸಿದ ಈ ಚಿತ್ರ 2015ರಲ್ಲಿ ಸ್ವಿಟ್ಸರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿಗಳನ್ನು ಗಳಿಸಿ, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಇದರಲ್ಲಿ ನಟರು. ಅವರು ಆಡುವುದು ತಮ್ಮ ಹೊಲದ ಬದುವಿನ ಮೇಲೆ ನಿತ್ಯ ಆಡುವ ಭಾಷೆ. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈದು ಮುಗಿಸಿ, ಎದ್ದುಹೋದವನು ಬಿದ್ದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗೆ ಚಿತ್ರದ ಹರಹು. ಸತ್ತವನ ಮಗ ಗಡ್ಡಪ್ಪನಿಗೆ ಜಮೀನಿನ ಗೊಡವೆಯೇ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನನ್ನು ಮಾರುವ ಆತುರ. ಅದಕ್ಕಾಗಿ ಅವನು, ಬೀದಿಯಲ್ಲಿ ಓಡಾಡಿಕೊಂಡಿರುವ ತನ್ನ ತಂದೆ ಸತ್ತನೆಂದು ಒಂದು ಮರಣಪತ್ರವನ್ನು ಹುಟ್ಟಿಸಿ, ಅವನನ್ನು ಊರಿನಿಂದಾಚೆಗೆ ಸಾಗಹಾಕುತ್ತಾನೆ.

ನಾವೆಲ್ಲ ನಕ್ಕೆವು. ಮಗನಂತೂ ಒಂದೆರಡು ಬೈಗುಳಗಳನ್ನು ಮತ್ತೆ ಕೇಳಬೇಕೆಂದು ಹಿಂದಕ್ಕೆ ತಿರುಗಿಸಿದ. ತಂದೆಯವರೂ ನಗುತ್ತಿದ್ದರು, ಮರಣಪತ್ರದ ಸಂಗತಿ ಬಂದಾಗ ಮಾತ್ರ ನಗು ನಿಂತಿತು.

“ನಾನೂ ಹೋದ ವರ್ಷ ಸತ್ತಿದ್ದೆನಲ್ಲ” ಎಂದರು.

ಸಂಗತಿ ಇಷ್ಟೆ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿರುವುದಾಗಿ ಪ್ರಮಾಣಪತ್ರ ಒಪ್ಪಿಸಬೇಕು. ಈಗ ಬೆರಳಿನ ಗುರುತನ್ನು ಯಂತ್ರದ ಮೇಲೆ ಒತ್ತಿಸಿ ಇದನ್ನು ಪಡೆಯುವ ಏರ್ಪಾಡೂ ಇದೆ. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದು, ರಜೆಯಲ್ಲಿ ಗುದ್ದಲಿ ಹಿಡಿದು, ಈ ವಯಸ್ಸಿಗೆ ತಂದೆಯವರ ಬೆರಳ ಗೆರೆಗಳು ಸವೆದುಹೋಗಿವೆ. ಯಂತ್ರಕ್ಕೆ ಅವು ಕಾಣಲಿಲ್ಲ. ಮೂರು ಸಲ ಹೋಗಿ, ಮೂರು ಸಲ ಎಣ್ಣೆ ಹಚ್ಚಿ ಒರಸಿ ಒತ್ತಿದರಂತೆ. ಎದುರಿಗೆ ಕುಳಿತ ಹುಡುಗ ಸಭ್ಯನೇ. ಆದರೆ ಅವನು ನೋಡಬೇಕಾದುದು ಯಂತ್ರದ ಮುಖವನ್ನೇ ಹೊರತು ತಂದೆಯವರ ಮುಖವನ್ನಲ್ಲ. ಎರಡು ತಿಂಗಳು ಪಿಂಚಣಿ ನಿಂತಿತ್ತೆಂಬುದು ನನಗೆ ತಿಳಿದದ್ದು ಅಂದೇ.

ಆ ಮಾತೇ ಮರುದಿನದ ಚಿತ್ರವನ್ನು ಆರಿಸಿಕೊಟ್ಟಿತು. ‘ತಬರನ ಕಥೆ’ ಪೂರ್ಣಚಂದ್ರ ತೇಜಸ್ವಿಯವರ ಕಥೆ. ಚಿತ್ರವಾಗಿಸಿದವರು ಗಿರೀಶ ಕಾಸರವಳ್ಳಿ. 1986ರ ಚಿತ್ರಗಳಿಗೆ ನೀಡಿದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಇದಕ್ಕೂ, ಅತ್ಯುತ್ತಮ ನಟ ಪ್ರಶಸ್ತಿ ತಬರನಾಗಿ ಅಭಿನಯಿಸಿದ ಚಾರುಹಾಸನ್ ಅವರಿಗೂ ಬಂದುವು. ನಿವೃತ್ತನಾದ ಬಡ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ರೋಗದ ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತಿದೆ. ಆ ಹಣ ಬಂದರೆ ಚಿಕಿತ್ಸೆ. ಹಣ ಬರುವುದಿಲ್ಲ. ಕೊನೆಗೆ ಅವನು ಕಟುಕನ ಬಳಿಗೆ ಹೋಗಿ, ಹೆಂಡತಿಯ ಕಾಲನ್ನು ಕಡಿದುಕೊಡೆಂದು ಬೇಡುತ್ತಾನೆ.

ಈ ಕಥೆಯನ್ನು ನಾನು ಹಲವು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ‘ಅಧಿಕಾರಶಾಹಿಯ ವಿಡಂಬನೆ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ವಿದ್ಯಾರ್ಥಿಗಳೂ ಅದನ್ನು ನಿಷ್ಠೆಯಿಂದ ಉತ್ತರಪತ್ರಿಕೆಯಲ್ಲಿ ನನಗೇ ಹಿಂತಿರುಗಿಸಿದ್ದಾರೆ. ತಂದೆಯವರು ಆ ದಿನ ಅಂಥ ಪದವನ್ನೇನೂ ಬಳಸಲಿಲ್ಲ. ಚಾರುಹಾಸನ್ ಅವರ ನಡಿಗೆಯನ್ನು ಬಹಳ ಹೊತ್ತು ನೋಡಿ, “ಕಚೇರಿಯ ಬಾಗಿಲು ಹತ್ತಿರ ಬಂದ ಹಾಗೆ ಹೆಜ್ಜೆ ಸಣ್ಣದಾಗುತ್ತದೆ, ನೋಡು. ಈತನಿಗೆ ಯಾರು ಹೇಳಿಕೊಟ್ಟರೋ!” ಎಂದರು. ಚಿತ್ರ ಮುಗಿದ ಮೇಲೆ ಹೇಳಿದ ಮಾತು ಇನ್ನೊಂದಿದೆ. ನಾನು ಬೇರೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಅವರ ಪಿಂಚಣಿಯ ಕಾಗದಗಳು ಒಂದು ಕಚೇರಿಯಲ್ಲಿ ಹದಿನಾಲ್ಕು ತಿಂಗಳು ಮಲಗಿದ್ದುವಂತೆ. ನನಗೆ ಹಣ ಮಾತ್ರ ತಿಂಗಳು ತಿಂಗಳಿಗೂ ತಪ್ಪದೆ ಬಂದಿತ್ತು. ಆ ವರ್ಷ ಹಿತ್ತಿಲ ಹಲಸಿನ ಮರವನ್ನು ಕಡಿಸಿದ್ದರು. ಗೆದ್ದಲು ಹಿಡಿದಿತ್ತೆಂದು ನನಗೆ ಹೇಳಿದ್ದರು. ಮರಕ್ಕೆ ಯಾವ ಗೆದ್ದಲೂ ಹಿಡಿದಿರಲಿಲ್ಲ.

‘ಘಟಶ್ರಾದ್ಧ’ವನ್ನು ಆರಿಸುವಾಗ ನಾನು ತುಸು ಅನುಮಾನಿಸಿದೆ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಇದು ಕಾಸರವಳ್ಳಿಯವರ ಮೊದಲ ಕಥಾಚಿತ್ರ; 1977ರದು; ಅದಕ್ಕೂ ಸ್ವರ್ಣಕಮಲ ಬಂದಿತ್ತು. ಕಪ್ಪು ಬಿಳುಪಿನ ಚಿತ್ರ. ವೇದಪಾಠಶಾಲೆಗೆ ಓದಲು ಬಂದ ಪುಟ್ಟ ಹುಡುಗ ನಾಣಿ, ಅವನನ್ನು ಅಕ್ಕರೆಯಿಂದ ಕಾಣುವ ಗುರುಗಳ ಮಗಳು ಯಮುನಾ. ಆಕೆ ವಿಧವೆ, ಗರ್ಭಿಣಿಯಾಗುತ್ತಾಳೆ. ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಕುಲದಿಂದ ಹೊರಗಿಡುತ್ತಾನೆ. ಇಷ್ಟನ್ನೂ ನಾವು ನೋಡುವುದು ಪೂರ್ತಿ ಅರ್ಥವಾಗದೆ ಬೆದರುವ ಹುಡುಗನ ಕಣ್ಣುಗಳಿಂದ.

ಮಗನಿಗೆ ಮೊದಮೊದಲು ಬೇಸರವಾಯಿತು. “ಇಷ್ಟು ನಿಧಾನವೇ?” ಎಂದು ಒಮ್ಮೆ ಮುಂದಕ್ಕೆ ಓಡಿಸಲು ಹೋದ, ತಾಯಿಯವರು ಬೇಡವೆಂದು ಕೈಸನ್ನೆ ಮಾಡಿದರು. ಕೊನೆಯಲ್ಲಿ, ಊರಿಗೆ ಹಿಂತಿರುಗುತ್ತಿರುವ ನಾಣಿಗೆ ತಲೆ ಬೋಳಿಸಿದ ಯಮುನಾ ಒಬ್ಬಳೇ ಮರದಡಿಯಲ್ಲಿ ಕಾಣಿಸುತ್ತಾಳೆ.

“ನಿಲ್ಲಿಸು ಮಗು” ಎಂದರು ತಾಯಿಯವರು.

ಮಗ ನಿಲ್ಲಿಸಿದ. ತೆರೆಯ ಮೇಲೆ ಯಮುನಾ ಹಾಗೆಯೇ ನಿಂತುಬಿಟ್ಟಳು. ಅಡಿಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ನನ್ನ ಹೆಂಡತಿಯೂ ಏಳಲಿಲ್ಲ.

“ನಮ್ಮ ಮಡಿ ಅತ್ತೆಯ ತಲೆ ಇಷ್ಟು ನುಣ್ಣಗೆ ಇರುತ್ತಿರಲಿಲ್ಲ” ಎಂದರು ತಾಯಿಯವರು. “ಎಂಟು ದಿನ ಕಳೆದರೆ ಮುಳ್ಳು ಮುಳ್ಳಾಗಿ ಕೂದಲು ಬರುತ್ತಿತ್ತು. ಮಧ್ಯಾಹ್ನ ಮಡಿ ಬಿಟ್ಟು ಮಲಗಿದಾಗ ನಾನು ಅದರ ಮೇಲೆ ಕೈಯಾಡಿಸುತ್ತಿದ್ದೆ. ಕಚಗುಳಿ ಇಟ್ಟಂತಾಗಿ ಅವರು ನಗುತ್ತಿದ್ದರು. ಹಿತ್ತಿಲಿಗೆ ಕ್ಷೌರಿಕ ಬಂದ ದಿನ ಮಾತ್ರ ನಮ್ಮನ್ನೆಲ್ಲ ಹೊರಗೆ ಆಡಲು ಕಳಿಸುತ್ತಿದ್ದರು.”

ಮಡಿ ಅತ್ತೆ ಎಂದರೆ ತಾಯಿಯವರ ತಂದೆಯ ತಂಗಿ. ಹದಿಮೂರನೆಯ ವಯಸ್ಸಿಗೆ ವಿಧವೆಯಾಗಿ ಅಣ್ಣನ ಮನೆ ಸೇರಿದವರು. ಕೆಂಪು ಸೀರೆಯ ಒಬ್ಬ ಮುದುಕಿ ಅಡಿಗೆಮನೆಯಲ್ಲಿ ಇದ್ದರೆಂಬಷ್ಟು ಮಾತನ್ನು ನಾನು ಬಾಲ್ಯದಲ್ಲಿ ಕೇಳಿದ್ದೆ. ಅದಕ್ಕಿಂತ ಹೆಚ್ಚಾಗಿ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಈ ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಿದ್ದರೆ ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡು, ದೀಪ ಹತ್ತಿದೊಡನೆ ಎದ್ದು ಎಲ್ಲರೊಡನೆ ಹೊರಗೆ ಬರುತ್ತಿದ್ದರು. ಅಲ್ಲಿ ಚಿತ್ರವನ್ನು ನಿಲ್ಲಿಸೆನ್ನುವ ಅಧಿಕಾರ ಯಾರಿಗೂ ಇಲ್ಲ. ಮನೆಯಲ್ಲಿ ಬೆಳಕು ಒಳಗೆ ನುಗ್ಗುತ್ತದೆ, ದೂರವಾಣಿ ಕರೆಯುತ್ತದೆ, ಹಾಲು ಉಕ್ಕುತ್ತದೆ. ಕಲಾನುಭವಕ್ಕೆ ಇವೆಲ್ಲ ಅಡ್ಡಿಯೆಂದೇ ನಾನು ನಂಬಿದ್ದೆ. ಅಂದು ಮಾತ್ರ ನಿಂತ ಚಿತ್ರದ ಎದುರು ಎಪ್ಪತ್ತು ವರ್ಷ ದಾಟಿದ ಹೆಂಗಸೊಬ್ಬರಿಗೆ ಬಾಯಿ ಬಂತು.

ಮೂರು ಚಿತ್ರಗಳನ್ನೂ ನಾನು ಯಾವ ಉದ್ದೇಶವನ್ನೂ ಇಟ್ಟುಕೊಂಡು ಆರಿಸಿರಲಿಲ್ಲ. ಆದರೂ ಅವುಗಳಲ್ಲಿ ಒಂದೇ ಪಾಪದ ಮೂರು ರೂಪಗಳಿವೆಯೆಂದು ಈಗ ತೋರುತ್ತದೆ. ಬದುಕಿರುವವರನ್ನು ಸತ್ತವರ ಲೆಕ್ಕಕ್ಕೆ ಸೇರಿಸುವುದೇ ಆ ಪಾಪ. ಗಡ್ಡಪ್ಪನನ್ನು ಒಂದು ಕಾಗದ ಕೊಂದಿತು. ಅವನು ಅದನ್ನು ಲಕ್ಷಿಸದೆ ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕುಳಿತು ತನ್ನ ಕಥೆ ಹೇಳಿದ. ತಬರನನ್ನು ಕಾಗದಗಳ ಕಟ್ಟು ಕೊಂದಿತು. ಅವನಿಗೆ ಹಾಗೆ ನಕ್ಕು ನಡೆಯುವ ಅನುಕೂಲವಿರಲಿಲ್ಲ. ಯಮುನೆಯನ್ನು ಕೊಂದದ್ದು ಮಂತ್ರ. ಇದನ್ನು ತರಗತಿಯಲ್ಲಿ ಹೇಳಿದರೆ ಒಳ್ಳೆಯ ಟಿಪ್ಪಣಿಯಾದೀತು. ಆದರೆ ನಮ್ಮ ಮನೆಯಲ್ಲೂ ಒಬ್ಬರು ಹಾಗೆ ಲೆಕ್ಕದಿಂದ ಹೊರಗೆ ಬಿದ್ದಿದ್ದರು. ಬಿಡಲು ಯಾವ ಶಾಸ್ತ್ರವೂ ಬೇಕಾಗಿರಲಿಲ್ಲ, ನಾವು ಕೇಳದೆ ಇದ್ದುದೇ ಸಾಕಾಗಿತ್ತು.

ಆ ಸಂಜೆ ಮಗ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದ. “ಮಡಿ ಅತ್ತೆ, ಮಡಿ ಅತ್ತೆ ಅಂತೀರಲ್ಲ ಅಜ್ಜಿ, ಅವರ ಹೆಸರು ಏನು?”

ತಾಯಿಯವರು ತಕ್ಷಣ ಹೇಳಲಿಲ್ಲ. ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, ಹುಟ್ಟಿದಾಗ ಇಟ್ಟಿದ್ದ ಹೆಸರನ್ನು ಹೇಳಿದರು. ಒಂದು ನದಿಯ ಹೆಸರು. ನಲವತ್ತಾರು ವರ್ಷಗಳಲ್ಲಿ ಅದನ್ನು ನಾನು ಕೇಳಿದ್ದು ಅದೇ ಮೊದಲು. ತಾಯಿಯವರ ತವರಿನ ವಂಶಾವಳಿಯ ಪ್ರತಿಯೊಂದು ನಮ್ಮಲ್ಲಿದೆ. ಅದರಲ್ಲಿ ಗಂಡಸರ ಹೆಸರುಗಳು ಮಾತ್ರ ಇವೆ. ಮಗ ಅದನ್ನು ಕಪಾಟಿನಿಂದ ತೆಗೆಸಿ, ಅಜ್ಜಿಯ ತಂದೆಯ ಹೆಸರಿನ ಪಕ್ಕದಲ್ಲಿ ಇದ್ದ ಖಾಲಿ ಜಾಗದಲ್ಲಿ ಆ ಹೆಸರನ್ನು ಬರೆದ. ಅಕ್ಷರ ಅಷ್ಟು ಚೆನ್ನಾಗಿಲ್ಲ, ನಾನು ತಿದ್ದಲಿಲ್ಲ.