ಸನ್‌ಸ್ಟೋನ್: ಬೆಲೆ ಇರುವುದು ಕಲ್ಲಿನೊಳಗಿನ ಲೋಹಕ್ಕೆ

ಸನ್‌ಸ್ಟೋನ್ ಎಂಬುದು ಫೆಲ್ಡ್‌ಸ್ಪಾರ್ ಕುಲದ ರತ್ನ. ಭೂಮಿಯ ಹೊರಪದರದ ಅರ್ಧಕ್ಕೂ ಹೆಚ್ಚು ಪಾಲು ಈ ಕುಲದ ಖನಿಜಗಳದೇ. ಮನೆಯ ನೆಲಕ್ಕೆ ಹಾಸುವ ಗ್ರಾನೈಟಿನಲ್ಲಿ ಕಾಣುವ ಬಿಳಿ, ಗುಲಾಬಿ ಹರಳುಗಳೂ ಹೆಚ್ಚಾಗಿ ಇವೇ. ಇಷ್ಟು ಸಾಮಾನ್ಯವಾದ ಖನಿಜ ರತ್ನವಾಗುವುದು ಅದರೊಳಗೆ ಸೇರಿಕೊಂಡ ಲೋಹದಿಂದ. ವಜ್ರದೊಳಗೆ ಚುಕ್ಕೆ ಕಂಡರೆ ಬೆಲೆ ಇಳಿಯುತ್ತದೆ. ಸನ್‌ಸ್ಟೋನಿನಲ್ಲಿ ಆ ಚುಕ್ಕೆಗಳೇ ಬೆಲೆ ತರುತ್ತವೆ.

ತಮಿಳುನಾಡು, ನಾರ್ವೆ, ಟಾಂಜಾನಿಯಾಗಳ ಕಲ್ಲುಗಳಲ್ಲಿ ಮಿನುಗುವುದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಫೆಲ್ಡ್‌ಸ್ಪಾರ್ ಬಿಸಿಯಾಗಿದ್ದಾಗ ಒಂದಿಷ್ಟು ಕಬ್ಬಿಣವನ್ನು ತನ್ನೊಳಗೆ ಕರಗಿಸಿಕೊಂಡಿರುತ್ತದೆ. ನಿಧಾನವಾಗಿ ತಣಿಯುವಾಗ ಅದನ್ನು ಹಿಡಿದಿಟ್ಟುಕೊಳ್ಳಲಾಗದೆ ಹೊರಹಾಕುತ್ತದೆ. ಹಾಗೆ ಬೇರ್ಪಟ್ಟ ಕಬ್ಬಿಣ ತೆಳು ಬಿಲ್ಲೆಗಳಾಗಿ, ಹರಳಿನ ನಿರ್ದಿಷ್ಟ ಸಮತಲಗಳಿಗೆ ಸಮಾನಾಂತರವಾಗಿ ಕೂರುತ್ತದೆ. ಆದ್ದರಿಂದಲೇ ಕಲ್ಲನ್ನು ಓರೆ ಮಾಡುತ್ತಾ ಹೋದರೆ ಒಂದು ಕೋನದಲ್ಲಿ ಬಿಲ್ಲೆಗಳೆಲ್ಲ ಒಮ್ಮೆಲೇ ಹೊಳೆಯುತ್ತವೆ. ಸ್ವಲ್ಪ ಸರಿಸಿದರೆ ಎಲ್ಲವೂ ಮಾಯ. ಕಲ್ಲಿನ ಮೈ ಬಹುಪಾಲು ಬಣ್ಣವಿಲ್ಲದ್ದು. ಕಿತ್ತಳೆ, ಕೆಂಗಂದು ಬಣ್ಣಗಳು ಬರುವುದು ಬೆಳಕು ಹಾಯುವಷ್ಟು ತೆಳುವಾದ ಈ ಬಿಲ್ಲೆಗಳಿಂದ. ಭಾರತದ ಕಲ್ಲು ಹೆಚ್ಚಾಗಿ ಮಣಿಸರಕ್ಕೆ, ದುಂಡಗೆ ಉಜ್ಜಿದ ಹರಳುಗಳಿಗೆ ಹೋಗುತ್ತದೆ.

ಅಮೆರಿಕದ ಆರೆಗಾನ್ ರಾಜ್ಯದ ಕಲ್ಲಿನ ಕಥೆಯೇ ಬೇರೆ. ಅಲ್ಲಿಯದು ಪ್ರಾಚೀನ ಲಾವಾದೊಳಗಿನ ಲ್ಯಾಬ್ರಡೊರೈಟ್ ಎಂಬ ಫೆಲ್ಡ್‌ಸ್ಪಾರಿನ ಹರಳು, ಅದರೊಳಗಿರುವುದು ತಾಮ್ರ. ಲೇಕ್ ಕೌಂಟಿಯ ಪ್ಲಶ್ ಊರಿನ ಆಸುಪಾಸಿನ ಬರಡು ಬಯಲಿನಲ್ಲಿ ಆ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಶಿಲೆ ಶಿಥಿಲವಾದಂತೆ ಹರಳುಗಳು ಬಿಡಿಬಿಡಿಯಾಗಿ ಮಣ್ಣಿಗೆ ಬೀಳುತ್ತವೆ. ಅಲ್ಲಿ ಸರ್ಕಾರ ಬಿಟ್ಟುಕೊಟ್ಟ ಜಾಗವೊಂದರಲ್ಲಿ ಸಾರ್ವಜನಿಕರೂ ಕಲ್ಲು ಆಯಬಹುದು. ಹಾರ್ನಿ ಕೌಂಟಿಯ ಪೊಂಡೆರೋಸಾ ಗಣಿಯೂ ಹೆಸರಾದದ್ದೇ. 1987ರಲ್ಲಿ ಆರೆಗಾನ್ ಈ ಕಲ್ಲನ್ನು ತನ್ನ ರಾಜ್ಯರತ್ನವೆಂದು ಘೋಷಿಸಿತು.

ಇಲ್ಲಿ ಬಣ್ಣವನ್ನು ತೀರ್ಮಾನಿಸುವುದು ತಾಮ್ರದ ಪ್ರಮಾಣ. ಹತ್ತು ಲಕ್ಷ ಭಾಗದಲ್ಲಿ ಸುಮಾರು 20 ಭಾಗವಿದ್ದರೆ ತಿಳಿಹಳದಿ, 100ರ ಹತ್ತಿರ ಹಸಿರು, 200ರವರೆಗೆ ಹೋದರೆ ಕೆಂಪು. ಬಹುಪಾಲು ಸಿಗುವುದು ತಿಳಿಹಳದಿಯೇ; ಕೆಂಪು ವಿರಳ, ಹಸಿರು ಇನ್ನೂ ವಿರಳ. ಕೆಲವು ಹರಳುಗಳಲ್ಲಿ ನಡುವೆ ಕೆಂಪು, ಸುತ್ತ ಹಸಿರು, ಅಂಚಿನಲ್ಲಿ ಬಣ್ಣವೇ ಇಲ್ಲ. ವ್ಯಾಪಾರಿಗಳು ಇದನ್ನು ಕಲ್ಲಂಗಡಿ ಎಂದೇ ಕರೆಯುತ್ತಾರೆ. ಇನ್ನು ಕೆಲವು ಒಂದು ದಿಕ್ಕಿನಿಂದ ಹಸಿರು, ಇನ್ನೊಂದರಿಂದ ಕೆಂಪು. ಯಾವ ಮುಖ ಮೇಲೆ ಬರಬೇಕೆಂಬ ಕತ್ತರಿಸುವವನ ಆಯ್ಕೆಯ ಮೇಲೆಯೇ ಇಂಥ ಹರಳಿನ ಬೆಲೆ ನಿಂತಿರುತ್ತದೆ.

ಆಸ್ಟ್ರೇಲಿಯಾದ ಹಾರ್ಟ್ಸ್ ರೇಂಜ್ ಬೆಟ್ಟಸಾಲಿನ ‘ರೇನ್‌ಬೋ ಲ್ಯಾಟಿಸ್’ ಸನ್‌ಸ್ಟೋನ್ ನೋಡಲು ವಿಚಿತ್ರ: ಮ್ಯಾಗ್ನೆಟೈಟ್, ಹೆಮಟೈಟ್ ಹಾಳೆಗಳು ತ್ರಿಕೋನ ಜಾಲರಿ ಹೆಣೆದು ಕಾಮನಬಿಲ್ಲಿನ ಬಣ್ಣ ಚೆಲ್ಲುತ್ತವೆ.

ಆರೆಗಾನ್ ಕಲ್ಲಿಗೆ ತಾಮ್ರವೇ ಬಣ್ಣ ಕೊಡುವುದಾದರೆ ಬೇರೆ ಕಲ್ಲಿಗೆ ತಾಮ್ರವನ್ನು ಹೊರಗಿನಿಂದ ಸೇರಿಸಬಾರದೇಕೆ? ಈ ಶತಮಾನದ ಮೊದಲ ದಶಕದಲ್ಲಿ ಇದೇ ನಡೆಯಿತು. ಕಾಂಗೋ, ಟಿಬೆಟ್ ಮೂಲದ್ದೆಂದು ಆಂಡಿಸೀನ್ ಎಂಬ ಫೆಲ್ಡ್‌ಸ್ಪಾರಿನ ಕೆಂಪು ಹರಳುಗಳು ಮಾರುಕಟ್ಟೆಗೆ ಬಂದವು. ಪರೀಕ್ಷಿಸಿದಾಗ, ಇನ್ನರ್ ಮಂಗೋಲಿಯಾದ ಪೇಲವ ಹಳದಿ ಫೆಲ್ಡ್‌ಸ್ಪಾರನ್ನು ತಾಮ್ರದೊಂದಿಗೆ ಕುಲುಮೆಯಲ್ಲಿ ದೀರ್ಘಕಾಲ ಕಾಯಿಸಿ ಬಣ್ಣ ಬರಿಸಿದ್ದು ಹೊರಬಿತ್ತು. ಇದು ಬರಿಗಣ್ಣಿಗೆ ಪತ್ತೆಯಾಗುವ ಮೋಸವಲ್ಲ, ಪ್ರಯೋಗಾಲಯವೇ ಬೇಕು. ನಮ್ಮ ಅಂಗಡಿಗಳ ‘ಸನ್‌ಸಿತಾರಾ’ ಅಷ್ಟು ಜಾಣತನದ್ದಲ್ಲ. ಅದು ತಾಮ್ರದ ಕಣಗಳಿರುವ ಕಂದು ಗಾಜು. ವೆನಿಸ್ ಬಳಿಯ ಮುರಾನೊದ ಗಾಜುಗಾರರು 17ನೇ ಶತಮಾನದಲ್ಲೇ ಇಂಥದ್ದನ್ನು ತಯಾರಿಸುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಕಣಗಳು ಗಾಜಿನ ತುಂಬ ಒತ್ತೊತ್ತಾಗಿ, ಒಂದೇ ಹದದಲ್ಲಿ ಹರಡಿರುತ್ತವೆ. ನಿಜವಾದ ಕಲ್ಲಿನಲ್ಲಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ಖಾಲಿ.

ಮೋಸ್ ಮಾಪನದಲ್ಲಿ ಸನ್‌ಸ್ಟೋನಿನ ಗಡಸುತನ 6ರಿಂದ 6.5. ಎರಡು ದಿಕ್ಕಿನಲ್ಲಿ ಸುಲಭವಾಗಿ ಸೀಳುವ ಗುಣವೂ ಇರುವುದರಿಂದ ದಿನವೂ ತೊಡುವ ಉಂಗುರಕ್ಕಿಂತ ಓಲೆ, ಪದಕಗಳಿಗೆ ಅದು ಹೆಚ್ಚು ಹೊಂದುತ್ತದೆ.