ಪೋರ್ಷೆಯ ಎರಡು ಎಂಜಿನ್ನುಗಳು

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಎಂಜಿನ್ನಿನ ವಿಚಾರವೇಕೆ ಎಂಬ ಪ್ರಶ್ನೆ ಏಳಬಹುದು. ಯಂತ್ರದ ಸಂಗತಿಯನ್ನು ತಿಳಿಯಾಗಿ ಹೇಳಲು ಬಾರದ ಗದ್ಯ ಅಷ್ಟರಮಟ್ಟಿಗೆ ಬಡವಾದುದೆಂದು ನನ್ನ ಎಣಿಕೆ. ಅಲ್ಲದೆ, ಈ ವೃತ್ತಾಂತ ಸ್ವಾರಸ್ಯವಾದುದು.

ಜರ್ಮನಿಯ ಪೋರ್ಷೆ ಸಂಸ್ಥೆ ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದುದು. ಗ್ರ್ಯಾನ್ ಪ್ರಿ ಪಂದ್ಯಗಳಲ್ಲಿ ಸ್ವಂತ ಕಾರನ್ನೇ ಓಡಿಸಿ, 1962ರಲ್ಲಿ ಡ್ಯಾನ್ ಗರ್ನಿಯ ಮೂಲಕ ಫ್ರಾನ್ಸಿನಲ್ಲಿ ಒಂದು ಗೆಲುವು ಪಡೆದು, ಆ ವರ್ಷಾಂತ್ಯಕ್ಕೆ ಕಣದಿಂದ ಹಿಂದೆ ಸರಿಯಿತು. ಮುಂದೆ ವೈಸಾಖ್ ಎಂಬಲ್ಲಿರುವ ಅದರ ಸಂಶೋಧನ ಕೇಂದ್ರ ಅನ್ಯ ಸಂಸ್ಥೆಗಳಿಗೂ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡತೊಡಗಿತು.

1981ರಲ್ಲಿ ಇಂಗ್ಲೆಂಡಿನ ಮೆಕ್ಲಾರೆನ್ ತಂಡ ಆ ಬಾಗಿಲನ್ನು ತಟ್ಟಿತು. ಹಣ ಕೊಟ್ಟರೆ ಎಂಜಿನ್ ಮಾಡಿಕೊಡುವೆವು ಎಂದಿತು ಪೋರ್ಷೆ. ಹಣ ಒದಗಿಸಿದ್ದು ಮನ್ಸೂರ್ ಓಜೆಯವರ ಟ್ಯಾಗ್ ಸಂಸ್ಥೆ. ಇಲ್ಲಿಯ ವಿಶೇಷವೆಂದರೆ, ಎಂಜಿನ್ನಿನ ಅಗಲ ಇಷ್ಟೇ ಇರಬೇಕು, ಹೊಗೆಯ ಕೊಳವೆಗಳು ಇಲ್ಲಿಯೇ ಹೊರಡಬೇಕು ಎಂದು ಕಾರಿನ ವಿನ್ಯಾಸಕಾರ ಜಾನ್ ಬರ್ನಾರ್ಡ್ ಮೊದಲೇ ವಿಧಿಸಿದ್ದು. ಕಾರಿನ ಅಡಿಯಲ್ಲೂ ಹಿಂಬದಿಯಲ್ಲೂ ಗಾಳಿ ತಡೆಯಿಲ್ಲದೆ ಹರಿದರೆ ಚಕ್ರಗಳು ನೆಲವನ್ನು ಬಲವಾಗಿ ಒತ್ತುತ್ತವೆ. ಎಂಜಿನ್ ದಪ್ಪವಾದರೆ ಆ ದಾರಿ ಮುಚ್ಚುತ್ತದೆ. ಪೋರ್ಷೆಯ ಹಿರಿಯ ಎಂಜಿನಿಯರ್ ಹಾನ್ಸ್ ಮೆಟ್ಸ್ಗರ್ ಈ ಕಟ್ಟಳೆಯೊಳಗೇ 1.5 ಲೀಟರಿನ, ಆರು ಸಿಲಿಂಡರಿನ ಎಂಜಿನ್ ರಚಿಸಿದರು.

ಅದಕ್ಕೆ ಎರಡು ಟರ್ಬೊಗಳಿದ್ದವು. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿ, ಅದು ಹೆಚ್ಚಿನ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುವ ಉಪಾಯವೇ ಟರ್ಬೊ. ಇದರಿಂದ 1984ರಲ್ಲಿ ಸುಮಾರು 750 ಅಶ್ವಶಕ್ತಿ ದೊರೆಯುತ್ತಿತ್ತು. (ಮರಾಠಿಯಲ್ಲೂ ಇದೇ ಪದ, ಕುದುರೆಗೆ ಗಡಿಯಿಲ್ಲ.) ಆದರೆ ಆ ವರ್ಷದ ನಿಯಮದಂತೆ ಇಡೀ ಪಂದ್ಯಕ್ಕೆ 220 ಲೀಟರ್ ಇಂಧನ ಮಾತ್ರ, ನಡುವೆ ತುಂಬಿಸುವಂತಿಲ್ಲ. ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ನಿಯಂತ್ರಣ ಹನಿ ಹನಿಯನ್ನೂ ಅಳೆದು ಕೊಟ್ಟದ್ದರಿಂದಲೇ ಆ ಬಲ ಕೊನೆಯ ಸುತ್ತಿನವರೆಗೂ ಉಳಿಯಿತು.

ಫಲ ಬೆರಗುಗೊಳಿಸುವಂಥದು. 1984ರ 16 ಪಂದ್ಯಗಳಲ್ಲಿ ಮೆಕ್ಲಾರೆನ್ 12ನ್ನು ಗೆದ್ದಿತು. ನಿಕಿ ಲೌಡಾ 72 ಅಂಕ, ಜೊತೆಗಾರ ಅಲೈನ್ ಪ್ರಾಸ್ಟ್ 71.5: ಮಳೆಯಿಂದ ಅರ್ಧಕ್ಕೇ ನಿಂತ ಮೊನಾಕೊ ಪಂದ್ಯಕ್ಕೆ ಅರ್ಧ ಅಂಕಗಳನ್ನಷ್ಟೇ ಕೊಟ್ಟದ್ದರಿಂದ ಈ ಅರೆ ಅಂಕದ ಲೆಕ್ಕ. 1985, 1986ರಲ್ಲಿ ಪ್ರಾಸ್ಟ್ ಚಾಂಪಿಯನ್ ಆದರು. 1987ರ ಹೊತ್ತಿಗೆ ಒಟ್ಟು 25 ಗೆಲುವುಗಳು. ಎಂಜಿನ್ನಿನ ಮೇಲಿದ್ದ ದೊಡ್ಡ ಹೆಸರು ಮಾತ್ರ ಟ್ಯಾಗ್. ಪಂಪನ ಭಾರತದಲ್ಲಿ ಆಶ್ರಯದಾತ ಅರಿಕೇಸರಿಯೇ ಅರ್ಜುನನಾದುದನ್ನು ಓದಿರುವ ನಿಮಗೆ ಇದು ಹೊಸತೆನಿಸಲಾರದು.

ಟರ್ಬೊ ನಿಷೇಧವಾದ ಮೇಲೆ, 1991ರಲ್ಲಿ, ಪೋರ್ಷೆ ಮತ್ತೆ ಬಂದಿತು. ಈ ಬಾರಿ ತನ್ನದೇ ಹೆಸರಿನಲ್ಲಿ. ಫುಟ್‌ವರ್ಕ್ ತಂಡಕ್ಕೆ ಮೆಟ್ಸ್ಗರ್ ಕೊಟ್ಟದ್ದು 3.5 ಲೀಟರಿನ ಹನ್ನೆರಡು ಸಿಲಿಂಡರಿನ ಎಂಜಿನ್. ಆರರ ಎರಡು ಎಂಜಿನ್ನುಗಳನ್ನು ಬೆಸೆದಂತಿದ್ದ ಅದರ ಬಲವನ್ನು ನಡುವಿನಿಂದ ಹೊರತೆಗೆಯಬೇಕಿತ್ತು. ತೂಕ ಬಹಳ, ಎಣ್ಣೆಯ ಒತ್ತಡ ನಿಲ್ಲದು. ಹನ್ನೆರಡು ಸಿಲಿಂಡರೇ ದೋಷವೆನ್ನಲಾಗದು. ಅದೇ ವರ್ಷ ಹೋಂಡಾದ ಹನ್ನೆರಡು ಸಿಲಿಂಡರಿನ ಎಂಜಿನ್ನಿನಿಂದಲೇ ಸೆನ್ನಾ ಚಾಂಪಿಯನ್ ಆದರು. ನನ್ನ ದೃಷ್ಟಿಯಲ್ಲಿ ಕೊರತೆಯಾದದ್ದು ಬರ್ನಾರ್ಡರಂಥ ಹಟಮಾರಿ ಗಿರಾಕಿ. ಇಲ್ಲಿ ಎಂಜಿನ್ನಿಗೆ ತಕ್ಕಂತೆ ಕಾರೇ ಬಾಗಬೇಕಾಯಿತು. ಹೊಸ ಕಾರು ತಡವಾಗಿ, ಮೊದಲ ಪಂದ್ಯಗಳಲ್ಲಿ ಹಳೆಯದನ್ನೇ ತಿದ್ದಿ ಓಡಿಸಿದರು.

ಆರು ಪಂದ್ಯಗಳಲ್ಲಿ ಒಮ್ಮೆಯೂ ಆ ಎಂಜಿನ್ ಗುರಿ ಮುಟ್ಟಲಿಲ್ಲ. ಕೆಲವೆಡೆ ಪಂದ್ಯಕ್ಕೆ ಅರ್ಹತೆಯೇ ಸಿಗಲಿಲ್ಲ. ಏಳನೆಯದಾದ ಫ್ರಾನ್ಸಿನ ಪಂದ್ಯಕ್ಕೆ ಫುಟ್‌ವರ್ಕ್ ಫೋರ್ಡ್ ಎಂಜಿನ್ ಹೂಡಿಕೊಂಡು ಬಂದಿತು. ದಾಖಲೆಯಲ್ಲಿ ಆ 25 ಗೆಲುವುಗಳು ಟ್ಯಾಗ್ ಹೆಸರಿನಲ್ಲಿವೆ. ಪೋರ್ಷೆಯ ಹೆಸರಿನಲ್ಲಿ ಇರುವುದು 1962ರ ಒಂದೇ ಒಂದು.