ಸಿಕ್ಕ ಬಿಡಿಭಾಗಗಳಲ್ಲಿ ಹುಟ್ಟಿದ ನಾದ

ಹಳೆಯ ವಾಲ್ವ್ ರೇಡಿಯೊ ಕಂಡವರಿಗೆ ಗೊತ್ತು, ಗುಂಡಿ ತಿರುಗಿಸಿದೊಡನೆ ಅದು ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಕೆಂಪಗೆ ಕಾದ ಮೇಲಷ್ಟೇ ವಾರ್ತೆಯೋ ಹಾಡೋ ನಿಧಾನವಾಗಿ ಹೊರಬರುತ್ತಿತ್ತು. ಬೆಂಗಳೂರಿನ ಬಿಇಎಲ್ ಕೂಡ 1961ರಲ್ಲಿ ಇಂಥ ವಾಲ್ವ್‌ಗಳ ತಯಾರಿಕೆ ಆರಂಭಿಸಿತ್ತು. ಟ್ರಾನ್ಸಿಸ್ಟರ್ ಬಂದದ್ದೇ ತಡ, ಅವು ಮನೆಗಳಿಂದ ಕಾಣೆಯಾದವು. ಆದರೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಅನೇಕರು ವಾಲ್ವನ್ನು ಇಂದಿಗೂ ಬಿಟ್ಟಿಲ್ಲ. ಅವರ ಪಾಲಿಗೆ ಆಂಪ್ಲಿಫೈಯರ್ ಬರೀ ಸದ್ದು ಹೆಚ್ಚಿಸುವ ಪೆಟ್ಟಿಗೆಯಲ್ಲ. ವೀಣೆಗೆ ಕೊಡ ಹೇಗೋ ಗಿಟಾರಿಗೆ ಅದು ಹಾಗೆ, ವಾದ್ಯದ್ದೇ ಒಂದು ಭಾಗ.

ಒಳಗಿನ ಬಿಡಿಭಾಗಗಳು ಬದಲಾದರೆ ಈ ಪೆಟ್ಟಿಗೆಯ ನಾದ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಅಂಗಡಿಯ ಕಥೆಯೇ ಸಾಕ್ಷಿ.

ಲಂಡನ್ನಿನ ಪಶ್ಚಿಮ ಭಾಗದ ಹ್ಯಾನ್‌ವೆಲ್‌ನಲ್ಲಿ 1960ರಲ್ಲಿ ವಾದ್ಯಗಳ ಅಂಗಡಿ ತೆರೆದ ಜಿಮ್ ಮಾರ್ಷಲ್ ಮೂಲತಃ ಡ್ರಮ್ ಕಲಿಸುವ ಮೇಷ್ಟರು. ಅಂಗಡಿಗೆ ಬರುತ್ತಿದ್ದ ಗಿಟಾರ್ ಹುಡುಗರ ಆಸೆ ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ಮೇಲೆ. ಆಮದು ಮಾಲಾದ್ದರಿಂದ ಅದರ ಬೆಲೆ ಮಾತ್ರ ಕೈಗೆಟುಕದ್ದು. ರಿಪೇರಿ ನೋಡಿಕೊಳ್ಳುತ್ತಿದ್ದ ಕೆನ್ ಬ್ರಾನ್ ಹಾಗೂ ಇಎಂಐ ಕಂಪೆನಿಯಲ್ಲಿ ಕೆಲಸ ಕಲಿಯುತ್ತಿದ್ದ ತರುಣ ಡಡ್ಲಿ ಕ್ರೇವನ್ ಸೇರಿ, ಫೆಂಡರ್‌ನ ‘ಬಾಸ್‌ಮನ್’ ನಕ್ಷೆಯನ್ನೇ ಎದುರಿಟ್ಟುಕೊಂಡು 1962ರಲ್ಲಿ ತಮ್ಮದೊಂದನ್ನು ಜೋಡಿಸಿದರು. ಅದೇ ಜೆಟಿಎಂ45. ಜಿಮ್ ಮತ್ತು ಅವರ ಮಗ ಟೆರ್ರಿಯ ಹೆಸರುಗಳಿಂದ ಬಂದ ಅಕ್ಷರಗಳವು. ನಕ್ಷೆ ಹೆಚ್ಚುಕಡಿಮೆ ಫೆಂಡರ್‌ನದೇ. ಬಿಡಿಭಾಗಗಳು ಮಾತ್ರ ಬಹುಪಾಲು ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಕ್ಕಂಥವು. ನಾದ ಬೇರೆಯೇ ಆಯಿತು.

ಗಿಟಾರಿನ ತಂತಿಯಡಿಯಿಂದ ಹೊರಡುವ ವಿದ್ಯುತ್ ಸಂಕೇತ ತೀರಾ ಕ್ಷೀಣ. ಅದನ್ನು ಮೊದಲು ಹಿಗ್ಗಿಸುವುದು ಒಂದು ಪುಟ್ಟ ವಾಲ್ವ್. ಬಾಸ್‌ಮನ್‌ನಲ್ಲಿ ಆ ಜಾಗದಲ್ಲಿದ್ದುದು 12ಎವೈ7; ಅದರ ಹಿಗ್ಗಿಸುವ ಶಕ್ತಿಯ ಅಂಕ ಸುಮಾರು 44. ಮಾರ್ಷಲ್ ಪೆಟ್ಟಿಗೆಯಲ್ಲಿ ಕೂತದ್ದು ಇಸಿಸಿ83. ಅದರ ಅಂಕ 100. ಹೀಗಾಗಿ ಮುಂದಿನ ವಾಲ್ವ್‌ಗಳಿಗೆ ಬೇಗನೆ ಹೊರೆ ಹೆಚ್ಚಾಗುತ್ತದೆ. ತಾಳಲಾರದ ವಾಲ್ವ್ ಧ್ವನಿಯಲೆಯ ನೆತ್ತಿಯನ್ನು ಚಪ್ಪಟೆ ಮಾಡುತ್ತದೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನವುಳ್ಳ ಉಪಸ್ವರಗಳು ಬಂದು ಸೇರುತ್ತವೆ. ‘ಟಣ್’ ಎಂದು ಸಾಯಬೇಕಿದ್ದ ಸ್ವರ ದಪ್ಪಗಾಗಿ ನಿಂತು ಗುರುಗುಡುತ್ತದೆ. ರೇಡಿಯೊ ಎಂಜಿನಿಯರ್ ಇದನ್ನು ದೋಷವೆಂದು ತಿದ್ದಲು ಹೋಗುತ್ತಾನೆ. ರಾಕ್ ಸಂಗೀತಗಾರ ಬೇಕೆಂದೇ ಕೇಳಿ ಪಡೆಯುತ್ತಾನೆ.

ಸ್ಪೀಕರನ್ನು ನಡೆಸುವ ದೊಡ್ಡ ವಾಲ್ವ್‌ಗಳದು ಇನ್ನೊಂದು ಕಥೆ. ಮೊದಮೊದಲು ಅಮೆರಿಕದ ವಾಲ್ವ್ ಹಾಕಿದ ಮಾರ್ಷಲ್ ಬಳಗ ಆಮೇಲೆ ಬ್ರಿಟನ್ನಿನದೇ ಆದ ಕೆಟಿ66ಕ್ಕೆ ತಿರುಗಿತು. ಮನೆಯಲ್ಲಿ ಕೂತು ಶಾಸ್ತ್ರೀಯ ಸಂಗೀತದ ತಟ್ಟೆ ಕೇಳುವವರ ಆಂಪ್ಲಿಫೈಯರ್‌ಗಳಲ್ಲಿ ಇದ್ದ ಸಭ್ಯ ವಾಲ್ವ್ ಇದು! 1966-67ರ ಹೊತ್ತಿಗೆ ಆ ಜಾಗಕ್ಕೆ ಇಎಲ್34 ಬಂತು. ಒರಟಾದ, ಕಿವಿಗೆ ನಾಟುವ ‘ಬ್ರಿಟಿಷ್ ಸದ್ದು’ ಎಂದು ಈಗ ಹೇಳುವುದು ಹೆಚ್ಚಾಗಿ ಇದನ್ನೇ.

ಕಂಡೆನ್ಸರ್ ಮಾಡುವ ಕೆಲಸ ಜರಡಿಯದು. ಬೆಲೆ ಚಿಕ್ಕದಾದಷ್ಟೂ ಮಂದ್ರದ ಸ್ವರಗಳಿಗೆ ಸಿಗುವ ಬೆಂಬಲ ಕಡಿಮೆ. ಮೊದಲ ವಾಲ್ವಿನ ಬುಡದಲ್ಲಿ 250 ಮೈಕ್ರೊಫ್ಯಾರಡ್ ಇದ್ದ ಕಡೆ, 1960ರ ದಶಕದ ಕೊನೆಯ ಮಾದರಿಗಳು ಒಂದು ಚಾನೆಲ್‌ಗೆ ಬರೀ 0.68 ಹಾಕಿದವು. ಗಡಸು ಮಂದ್ರ ಇಳಿದು ಮೇಲಿನ ಸ್ವರಗಳು ಮುಂದೆ ಬಂದವು. ಈ ಲೆಕ್ಕ ಬಿಟ್ಟು, ಹಳೆಯ ಮಾರ್ಷಲ್‌ಗಳ ಸಾಸಿವೆ ಬಣ್ಣದ ಕಂಡೆನ್ಸರ್‌ಗಳಿಗಾಗಿಯೇ ಸಿಕ್ಕಾಪಟ್ಟೆ ದುಡ್ಡು ಸುರಿಯುವ ಅಭಿಮಾನಿಗಳಿದ್ದಾರೆ. ಅವರು ಮೆಚ್ಚಿದ್ದು ನಾದವನ್ನೋ ಬಣ್ಣವನ್ನೋ ಹೇಳುವುದು ಕಷ್ಟ.

ವಾಸ್ತವವಾಗಿ ಕಿವಿಗೆ ಎಲ್ಲಕ್ಕಿಂತ ಮೊದಲು ತಿಳಿಯುವ ವ್ಯತ್ಯಾಸ ಸ್ಪೀಕರಿನದು. ಬಾಸ್‌ಮನ್‌ನಲ್ಲಿ 10 ಅಂಗುಲದ ನಾಲ್ಕು ಸ್ಪೀಕರ್‌ಗಳು, ಪೆಟ್ಟಿಗೆಯ ಬೆನ್ನು ತೆರೆದದ್ದು. ಮಾರ್ಷಲ್‌ಗೆ ಸಿಕ್ಕಿದ್ದು ಸೆಲೆಶ್ಚನ್ ಕಂಪೆನಿಯ 12 ಅಂಗುಲದವು. ಒಂದೊಂದೂ ತಾಳಿಕೊಳ್ಳುತ್ತಿದ್ದುದು 15ರಿಂದ 20 ವಾಟ್ ಅಷ್ಟೆ. ಹರಿದುಹೋಗದಿರಲೆಂದು ನಾಲ್ಕನ್ನು ಸೇರಿಸಿ, ಹಿಂದೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಎದೆಗೆ ಗುದ್ದುವಂಥ ಆ ಸದ್ದಿನ ಮೂಲ ಸ್ಪೀಕರಿನ ಈ ದೌರ್ಬಲ್ಯ.

1966ರಲ್ಲಿ ಜಾನ್ ಮೇಯಲ್ ತಂಡದ ಧ್ವನಿಮುದ್ರಣಕ್ಕೆ ಬಂದ ಎರಿಕ್ ಕ್ಲಾಪ್ಟನ್ ಎರಡು ಸ್ಪೀಕರಿನ ಮಾರ್ಷಲ್ ಒಂದನ್ನು ವೇದಿಕೆಯ ಮೇಲಿನಷ್ಟೇ ಜೋರಾಗಿ ನುಡಿಸಿದರು. ಆ ತಟ್ಟೆ ಕೇಳಿದ ಮೇಲೆ ಗಿಟಾರಿಗರು ಹುಡುಕಿದ್ದು ಫೆಂಡರ್‌ನ ಅನುಕರಣೆಯನ್ನಲ್ಲ, ಮಾರ್ಷಲನ್ನೇ.

ಅಂದಿನ ಬ್ರಿಟಿಷ್ ವಾಲ್ವ್ ಕಾರ್ಖಾನೆಗಳು ಮುಚ್ಚಿ ದಶಕಗಳೇ ಸಂದಿವೆ. ಈಗ ಗಿಟಾರ್ ಆಂಪ್ಲಿಫೈಯರ್‌ಗಳ ವಾಲ್ವ್ ಬರುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದಿಂದ. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೆ ರಷ್ಯಾ ರಫ್ತಿಗೆ ತಡೆಯೊಡ್ಡಿದಾಗ ಗಿಟಾರಿಗರು ವಾಲ್ವ್‌ಗಳಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ಸರಬರಾಜು ಮತ್ತೆ ಶುರುವಾಯಿತಾದರೂ ಬೆಲೆ ಏರಿತ್ತು. ಇಎಲ್34 ಸಿಗದವರು ಕೈಗೆ ಬಂದ ಬೇರೆ ವಾಲ್ವ್ ಹಾಕಬೇಕಾದರೆ ರಿಪೇರಿಯವರ ಬಳಿ ಹೋಗಿ ಆಂಪ್ಲಿಫೈಯರನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಆಗ ಪೆಟ್ಟಿಗೆಯ ದನಿ ಮತ್ತೊಮ್ಮೆ ಬದಲಾಗುತ್ತದೆ.